ದಾರಕ್ಕೆ ಕಟ್ಟಿದ ಪೆನ್ನು

ಮಂಡಿಪೇಟೆಯ ಜೆರಾಕ್ಸ್ ಅಂಗಡಿ ಮೇಲಿನ ಮಾಳಿಗೆಯಲ್ಲಿ
ಮೂರು ಜನ, ಎರಡು ಫ್ಯಾನು, ಅದರಲ್ಲೊಂದು ತಿರುಗುವುದಿಲ್ಲ.
ಅಲ್ಲಿ ಕೂತು ನಾವೊಂದು ಬ್ರೌಸರ್ ಕಟ್ಟಿದೆವು.
ಕೆಳಗಿನ ಅಂಗಡಿಯ ಕಂಪ್ಯೂಟರಿಗೂ
ಬಂದವರ ಫೋನಿಗೂ ಹಾಕಿಕೊಟ್ಟು
ಕಂಬಕ್ಕೊಂದು ಲೆಕ್ಕದ ಪುಸ್ತಕ ನೇತುಹಾಕಿದೆವು.
ರಟ್ಟಿನ ಮೇಲೆ ನನ್ನದೇ ಅಕ್ಷರ:
"ತಪ್ಪಿದ್ದರೆ ಬರೆಯಿರಿ."
ಗೋಣಿ ಹೊಲಿಯುವ ದಾರದಲ್ಲಿ ಪೆನ್ನನ್ನು ಬಿಗಿದೆವು.

ಮೊದಲ ವಾರ ಯಾರೂ ತಪ್ಪು ಬರೆಯಲಿಲ್ಲ.
ಮೂರು ಫೋನ್ ನಂಬರು, ಮೆಕ್ಕೆಜೋಳದ ಧಾರಣೆ,
ಮೀಸೆ ಬಿಟ್ಟ ಒಂದು ಬೆಕ್ಕು.
"ಎಲ್ಲ ಸರಿ ಐತಿ ಅಂತ ಅರ್ಥ," ಎಂದ ಉಚ್ಚಂಗೆಪ್ಪ.
ನಾನೂ ನಂಬಿದೆ. ನಂಬುವುದು ಸುಖ.

ಆಮೇಲೆ ಮಂಡಕ್ಕಿ ಭಟ್ಟಿಯ ಮೆಹಬೂಬಿ ಬಂದಳು,
ರೇಶನ್ ಅರ್ಜಿ ಅರ್ಧಕ್ಕೆ ನಿಂತ ಫೋನು ಹಿಡಿದು.
"ನಿನ್ನ ಗುಂಡಿ ಸಾಸಿವೆಕಾಳು, ಮಗಳೇ.
ನನ್ನ ಬೆರಳು ನೋಡು."
ಕಾದ ಮರಳಿನ ಮುಂದೆ ಇಪ್ಪತ್ತು ವರ್ಷ ನಿಂತ ಬೆರಳು,
ಗೆರೆಯೆಲ್ಲ ಸವೆದದ್ದು.
ಬರೆಯಲು ಬಾರದೆಂದು ಹೆಬ್ಬೆಟ್ಟು ಒತ್ತಿ ಹೋದಳು,
ಹಾಳೆ ಮೇಲೆ ಬೂದಿ ಬಣ್ಣದ ಮೊಟ್ಟೆ.
ಅದರ ಮೇಲೆ ಸ್ಕೇಲಿಟ್ಟೆ:
ಹದಿನಾಲ್ಕು ಮಿಲಿಮೀಟರು.
ಆ ರಾತ್ರಿಯಿಂದ ನಮ್ಮ ಗುಂಡಿಗಳೆಲ್ಲ ಅಷ್ಟಗಲ.

ಕಣ್ಣು ಕಾಣದ ದುಗ್ಗೇಶ ಕಿವಿಗೆ ತಂತಿ ಸಿಕ್ಕಿಸಿಕೊಂಡು
ಓದಿ ಹೇಳುವ ದನಿ ಕೇಳುತ್ತ ಕೂತ. ನಕ್ಕ.
"ಗುಂಡಿ, ಗುಂಡಿ, ಗುಂಡಿ, ಇಷ್ಟೇ ಅಂತೈತಿ ಇದು.
ಯಾವ ಗುಂಡಿ ಅಂತ ಹೇಳಂಗಿಲ್ಲ.
ಪಿ.ಬಿ. ರೋಡಿನ ಗುಂಡಿಗಾದ್ರೂ ಹೆಸರೈತಿ, ಅಕ್ಕಾ,
ಬೇಕರಿ ಮುಂದಿಂದು, ಸೈಕಲ್ ಶಾಪಿಂದು..."
ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ:
ಹಿಂದಕ್ಕೆ. ಮುಚ್ಚು. ಮತ್ತೆ ತಾ. ಹುಡುಕು.
ನಲವತ್ತೊಂದು ಗುಂಡಿಗೆ ನಾಮಕರಣ, ತೊಟ್ಟಿಲಿಲ್ಲದೆ.

ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಮುದುಕರಾದ
ಬಕ್ಕಪ್ಪನವರದು ಕೆಂಪು ಶಾಯಿ, ಸ್ವಂತ ಪೆನ್ನು:
"ಸಾಲಿನ ಬುಡ ಕತ್ತರಿಸುತ್ತಿದ್ದೀರಿ. ಒತ್ತಕ್ಷರ ಕಾಣದು.
ಅಪ್ಪ ಅಪ ಆದ, ಹೋಗಲಿ.
ದಾವಣಗೆರೆಯಲ್ಲಿ ಕೂತು
ಬೆಣ್ಣೆಯನ್ನು ಬೆಣೆ ಮಾಡಿದಿರಲ್ಲ!"
ಎರಡು ಚುಕ್ಕೆಯ ಜಾಗ, ಅಷ್ಟೇ ಸಾಕಿತ್ತು
ಕನ್ನಡಕ್ಕೆ ಕಾಲು ಚಾಚಲು.

ಕೊಟ್ಟೆವು. ಕೊಟ್ಟ ಮರುದಿನವೇ ಜಗಳ.
ಗುಂಡಿ ದಪ್ಪವಾಗಿ, ಸಾಲು ಎತ್ತರವಾಗಿ
ಸಣ್ಣ ಫೋನಿನಲ್ಲಿ ಉಳಿದದ್ದು ನಾಲ್ಕೇ ಸಾಲು.
"ಓದುವುದೆಲ್ಲಿ?" ಮತ್ತೆ ಅದೇ ಕೆಂಪು ಶಾಯಿ.
ಕೆಳಗೆ ಯಾರೋ ಕಾಲೇಜು ಹುಡುಗಿಯ ಓರೆ ಬರಹ:
"ಓದುವಾಗ ಗುಂಡಿ ಯಾಕೆ, ತಾತ?
ಆಗ ಅಡಗಲಿ. ಮುಟ್ಟಿದರೆ ಬರಲಿ."
ಮೂವರಿಗೂ ಹೊಳೆಯದ್ದನ್ನು
ಜೆರಾಕ್ಸ್ ಬಿಸಿ ಆರುವಷ್ಟರಲ್ಲಿ ಗೀಚಿ ಹೋಗಿದ್ದಳು,
ಹೆಸರು ಹಾಕದೆ.
ದುಗ್ಗೇಶನ ದನಿಗೆ ಮಾತ್ರ ಅಡಗದಿರಲಿ ಎಂದು
ನಾನೊಂದು ಸಾಲು ಸೇರಿಸಿದೆ.

ನನ್ನದೂ ಒಂದಿತ್ತು. ಪುಟ ಬದಲಾಗುವಾಗ
ಗಾಳಿಗೆ ಸೆರಗು ಮಗುಚಿದಂತೆ ಮಗುಚುವ ಅಂಚು.
ಒಂದು ತಿಂಗಳು ಅದಕ್ಕೇ ಸುರಿದಿದ್ದೆ.
ಪುಸ್ತಕ ಬಿಚ್ಚಿದಾಗೆಲ್ಲ ಮೊದಲು ಹುಡುಕುತ್ತಿದ್ದುದು
ಅದರ ಬಗ್ಗೆ ಒಂದು ಮಾತು.
ಕಡೆಗೂ ಸಿಕ್ಕಿತು, ಪೆನ್ಸಿಲಿನಲ್ಲಿ:
"ಪುಟ ತಿರುಗಿದ್ರೆ ತಲೆ ತಿರುಗ್ತದೆ."
ಎರಡು ದಿನ ಆ ಹಾಳೆಗೆ ಕ್ಲಿಪ್ಪು ಹಾಕಿ ಮುಚ್ಚಿಟ್ಟೆ.
ಮೂರನೆಯ ದಿನ, ಅವರಿಬ್ಬರೂ ಮಿರ್ಚಿಗೆ ಹೋದಾಗ,
ಒಬ್ಬಳೇ ಅಳಿಸಿದೆ.
ಸಾವಿರದಿನ್ನೂರು ಸಾಲು.
ತಿರುಗುವ ಫ್ಯಾನಿನ ಸದ್ದು ಅವತ್ತು ಕೇಳಿಸಿತು.

ಒಂದಕ್ಕೆ ಇನ್ನೂ ಉತ್ತರ ಬರೆದಿಲ್ಲ:
"ಮುಚ್ಚಿದ ಪುಟ ಎಲ್ಲಿಗೆ ಹೋಗ್ತದೆ?"
ಮೀಸೆ ಬೆಕ್ಕಿನವನದೇ ಕೈ, ನನಗೆ ಗೊತ್ತು.

ಈಗ ಐದನೇ ಪುಸ್ತಕ.
ಇವತ್ತು ಬಾಗಿಲು ತೆಗೆದರೆ ದಾರ ಮಾತ್ರ ನೇತಾಡುತ್ತಿದೆ,
ಪೆನ್ನನ್ನು ಯಾರೋ ಒಯ್ದಿದ್ದಾರೆ.
ಹಾಳೆ ಖಾಲಿ ಎಂದುಕೊಂಡೆ.
ಬೆಳಕಿಗೆ ಓರೆಯಾಗಿ ಹಿಡಿದರೆ
ಉಗುರಿನಲ್ಲಿ ಗೀರಿದ ಮೂರಕ್ಷರ,
ಒತ್ತು ಎರಡೂ ನೆಟ್ಟಗೆ:
ಪೆನ್ನಿಲ್ಲ.