ಶೇಂಗಾ ಚಟ್ನಿಯ ಬಾಟ್ಲಿ

ಧಾಯರಿ, ಮೂರನೇ ಮಾಳಿಗಿ, ಬಚ್ಚಲದಾಗ ಬಕೆಟ್ಟಿನ ಹಿಂದ
ಗೇಣುದ್ದ ನೀರೊಳ್ಳೆ ಮರಿ.
ನಮ್ಮನಿ ಶೇಂಗಾ ಚಟ್ನಿ ಬಾಟ್ಲಿಯೊಳಗ ಇಳಿಸಿದೆ,
ಮುಚ್ಚಳಕ್ಕ ಮೊದಲೇ ದಬ್ಬಣದ ನಾಕು ತೂತು.

"ಠೇವೂ ಕಾ, ಕಾಕಾ?" ಅಂದಳು ಮೃಣಾಲ.
ಎಂಟು ವರ್ಷ, ಮರಾಠಿ ಸಾಲಿ.
ಹೊಸ್ತಿಲದಾಚೆಯಿಂದ ಅಕಿ ತಾಯಿ:
"ಹಾವು ಮಕ್ಕಳಿಗೆ ಒಗ್ಗತದೇನ್ರಿ?"

ಇಪ್ಪತ್ತು ವರ್ಷ ಹಾವು ಹಿಡಿದೇನಿ.
ವಿಷ ಅದಯೇನು ಅಂತಾರ, ಜೋಡಿ ಎಲ್ಲಿ ಅಂತಾರ,
ಫೋಟೋ ತಗೀತಾರ.
ಇದನ್ನ ಯಾರೂ ಕೇಳಿರಲಿಲ್ಲ.

ಹುಡುಗಿಗೇ ಹೇಳಿದೆ:
ಇದಕ್ಕ ಕಿವಿ ಇಲ್ಲವ್ವಾ, ಹೆಸರಿಟ್ಟರ ಓ ಅನ್ನೋದಿಲ್ಲ.
ರೆಪ್ಪಿ ಇಲ್ಲ, ಮಲಗೇದೋ ಎದ್ದದೋ ತಿಳಿಯೋದಿಲ್ಲ.
ನೀ ಸಾಲಿಂದ ಬಂದರ ಅದಕ್ಕ ಖುಷಿಯಿಲ್ಲ,
ಬರದಿದ್ದರ ದುಃಖಿಲ್ಲ.

ಬಾಟ್ಲಿಗೆ ಮೂಗು ಹಚ್ಚಿಕೊಂಡೇ ಅಂದಳು,
"ನಮ್ಮಜ್ಜೀನೂ ಈಗ ಹಂಗ ಅದಾಳ.
ನಾ ದಿನಾ ಹೋಗಿ ಕೂಡತೀನಿ."

ತಾಯಿ ಒಳಕೋಣಿ ಕಡೆ ನೋಡಿದಳು.
ನಾನು ಕಾಯ್ದೆ ತಗದೆ:
ಕಾಡಿನ ಜೀವ, ಮನ್ಯಾಗ ಇಡಂಗಿಲ್ಲ, ದಂಡ ಹಾಕತಾರ.
ಹೇಳತಾ ಹೇಳತಾ ನನ್ನ ದನಿ ನನಗೇ ಸಣ್ಣಾತು.

ಸಂಜಿಗೆ ಖಡಕವಾಸಲಾ ಹಿನ್ನೀರು.
ದಾರಿಯುದ್ದ ಬಾಟ್ಲಿ ಅಕಿ ತೊಡಿ ಮ್ಯಾಲೆ,
ಸ್ಪೀಡ್ ಬ್ರೇಕರ್ ಬಂದಲ್ಲೆಲ್ಲ ಅಂಗೈ ಅಡ್ಡ.
ಮುಚ್ಚಳ ಅಕಿನೇ ತಿರುವಿದಳು.
ಮರಿ ಹೋತು. ತಿರುಗಿ ನೋಡಲಿಲ್ಲ.
ನೋಡತದ ಅಂತ ಅಕೀನೂ ನಿಂದರಲಿಲ್ಲ,
ಚಪ್ಪಲಿಯ ಕೆಸರು ಕಲ್ಲಿಗೆ ಒರಸಿ ನಡೆದಳು.

ಖಾಲಿ ಬಾಟ್ಲಿ ಮಾತ್ರ ಕೊಡಲಿಲ್ಲ.
ನಾನೂ ಕೇಳಲಿಲ್ಲ.
ನಮ್ಮನಿ ಚಟ್ನಿ ಈಗ ಸ್ಟೀಲ್ ಡಬ್ಬಿಯೊಳಗದ,
ಮುಗದದೋ ಉಳದದೋ
ತಗದು ನೋಡಬೇಕು ದಿನಾ.