ಮೂವತ್ತೈದು ಶೇಕಡಾ

ತರಾವೀಹ್ ಮುಗಿದು ಓಣಿಯ ಚಪ್ಪಲಿ ಸದ್ದು ಚದುರಿದೆ.
ನಿಜ್ವಾ ಕೋಟೆಯ ಬೆನ್ನಿಗೆ ನನ್ನ ಅಂಗಡಿ,
ಅರ್ಧ ಎಳೆದ ಶಟರ್,
ಹನ್ನೆರಡು ಸೂಜಿಯ ಕಸೂತಿ ಯಂತ್ರ ಬಾಯಿ ಮುಚ್ಚಿ ನಿಂತಿದೆ.
ಅದಕ್ಕೆ ಬುದ್ಧಿ ಹೇಳುವ ಲ್ಯಾಪ್‌ಟಾಪಿಗೇ ಬುದ್ಧಿ ಕೆಟ್ಟಿದೆ.

ಖಲ್ಫಾನ್ ಅಜ್ಜನ ಮನೆ ಮದುವೆಗೆ ನಲವತ್ತೊಂದು ಕುಮ್ಮಾ ಟೋಪಿ.
ಹತ್ತೊಂಬತ್ತು ಆಗಿವೆ.
ಇಪ್ಪತ್ತನೆಯದರ ನೆತ್ತಿಯಲ್ಲಿ ನಕ್ಷತ್ರ ಅರ್ಧ ಮೂಡುವಾಗ
ಅಪ್‌ಡೇಟ್ ಮಾಡಲೇ ಅಂತ ಕೇಳಿತು.
ಹ್ಞೂಂ ಅಂದೆ.
ಅದೊಂದು ತಪ್ಪು.

ಮೊದಲ ದಿನ ಇಳಿಯಲೇ ಇಲ್ಲ.
ಪಕ್ಕದ ಮೊಬೈಲ್ ಅಂಗಡಿಯ ಭಟ್ಕಳದ ಹುಡುಗ ಅಫ್ಫಾನ್
ವೈಫೈ ಆರಿಸಿದ, ಹಚ್ಚಿದ, ಬೈದ,
ಕೊನೆಗೆ ಮೂಲೆಯ ಗಡಿಯಾರ ನೋಡಿ ನಕ್ಕ:
"ಮಾಸ್ಟರ್, ಇದರ ಲೆಕ್ಕದಲ್ಲಿ ಇವತ್ತು
ಎರಡು ಸಾವಿರದ ಒಂಬತ್ತು, ಜನವರಿ ಒಂದು."

ಒಳಗೆ ಗುಂಡಿಯಷ್ಟಗಲದ ಒಂದು ಬ್ಯಾಟರಿ ಇರುತ್ತದಂತೆ.
ಅದು ಸತ್ತರೆ ಪ್ರತಿ ಸಲ ಎದ್ದಾಗಲೂ
ತಾನು ಹುಟ್ಟಿದ ದಿನದಲ್ಲೇ ಏಳುತ್ತದಂತೆ.
ದೂರದಿಂದ ಬಂದ ಅಪ್‌ಡೇಟಿನ ಸಹಿ ನೋಡಿ,
ಈ ವರ್ಷ ಇನ್ನೂ ಬಂದೇ ಇಲ್ಲವಲ್ಲ, ಯಾರಪ್ಪ ನೀನು ಅಂತ
ಬಾಗಿಲು ಹಾಕಿಕೊಳ್ಳುತ್ತದಂತೆ.

ಯಾಕೋ ನನ್ನ ಸಿಟ್ಟು ಇಳಿಯಿತು.
ಆ ಜನವರಿಯಲ್ಲಿ ನಾನು ಕಟಪಾಡಿಯಲ್ಲಿ
ಶಾಲೆ ಮಕ್ಕಳ ಖಾಕಿ ಚಡ್ಡಿಗೆ ಹುಕ್ಕು ಹಾಕುತ್ತಿದ್ದೆ.
ಒಮಾನ್ ಅಂದರೆ ಯಾರದೋ ಕಾಗದದ ಮೇಲಿನ ಅಂಚೆಚೀಟಿ.
ರಾತ್ರಿಯಿಡೀ ಎದುರು ಕೂತು ಬೇಡುವ ಈ ನರೆಗಡ್ಡದವನ
ಪರಿಚಯವೇ ಅದಕ್ಕಿಲ್ಲ.

ಬ್ಯಾಟರಿಗೆ ಮುನ್ನೂರು ಬೈಸಾ.
ಬಿಚ್ಚುವಾಗ ಹನ್ನೊಂದು ಸ್ಕ್ರೂ, ಹಾಕುವಾಗ ಹತ್ತೇ ಸಿಕ್ಕವು.
ತಾರೀಖು ಸರಿಹೋಯಿತು. ಈಗ ಜಾಗ ಇಲ್ಲ ಅಂತು.
ಅಳಿಸಿದೆ: ಹಳೆಯ ಬಿಲ್ಲು, ಯಾರದೋ ಎರಡು ಸಿನಿಮಾ,
ಕೆಲಸ ಬಿಟ್ಟು ಸಲಾಲಾಕ್ಕೆ ಹೋದ ಬರ್ಕತ್ ಉಲ್ಲಾನ ಮುನ್ನೂರು ಸೆಲ್ಫಿ.
ಅಳಿಸುವ ಮುಂಚೆ ಫೋನ್ ಮಾಡಿದೆ.
"ಯಾವ ಸೆಲ್ಫಿ?" ಅಂದ.
ಕುಮ್ಮಾದ ನಕ್ಷೆಗಳನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿ
ಎದೆಕಿಸೆಯಲ್ಲಿಟ್ಟುಕೊಂಡೆ, ಆಸ್ಪತ್ರೆ ಚೀಟಿಯ ಹಾಗೆ.

ಆಮೇಲೆ ಇಳಿಯಿತು, ಏರಿತು, ಮೂವತ್ತೈದಕ್ಕೆ ನಿಂತಿತು.
ಗಂಟೆಗಟ್ಟಲೆ ಚುಕ್ಕಿಗಳನ್ನು ಸುತ್ತಿಸಿ
ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆಯುತ್ತಿದ್ದೇನೆ ಅಂತು.
ಮೂರು ರಾತ್ರಿ, ಮೂರು ಸಲ.
ಅಫ್ಫಾನ್ ಹಣೆ ಚಚ್ಚಿಕೊಂಡ. ನಾನು ಒಳಗೊಳಗೇ ಮೆಚ್ಚಿದೆ.
ಹೊಲಿಯುವುದು ಯಾರಿಗಾದರೂ ಬಂದೀತು,
ಬಟ್ಟೆಗೆ ತೂತು ಉಳಿಯದಂತೆ ಬಿಚ್ಚುವುದಿದೆಯಲ್ಲ,
ಅದಕ್ಕೆ ಕೈ ಬೇಕು.
ಬೆಳಿಗ್ಗೆ ತೆರೆದರೆ ಎಲ್ಲ ಇದ್ದಲ್ಲೇ, ಒಂದು ಗೆರೆ ಕದಲಿಲ್ಲ.
ಕಸೂತಿಯದು ಮಾತ್ರ ತೆರೆಯುವುದಿಲ್ಲ,
ಅಪ್‌ಡೇಟ್ ಆಗಲಿ ಅಂತ ಹಟ.

ಇವತ್ತು ಹುಡುಗ ಹೇಳಿದ: "ಹೊರಗಿನ ಕೇಬಲ್ ಎಲ್ಲ ಕೀಳಿ.
ಮೌಸು, ಪ್ರಿಂಟರು, ಆ ಯಂತ್ರದ್ದೂ."
ಯಂತ್ರದ್ದನ್ನು ನಾನೇ, ಸ್ಕ್ರೂ ಬಿಗಿದು ಮುಗಿದ ಕೂಡಲೇ,
ಅಭ್ಯಾಸದ ಕೈಯಿಂದ ಮತ್ತೆ ಸಿಕ್ಕಿಸಿದ್ದೆ.
ಕಿತ್ತೆ. ತುದಿಯಲ್ಲಿ ಧೂಳು, ದಾರದ ಚೂರು.
ಜಗಳವಾಡಿದ ಅಣ್ಣತಮ್ಮಂದಿರಂತೆ ಎರಡೂ ಸುಮ್ಮನೆ ಕೂತವು.

ಗಂಟೆ ಒಂದೂವರೆ. ಇಪ್ಪತ್ತೆಂಟು. ಮೂವತ್ತೊಂದು.
ಇಪ್ಪತ್ತನೆಯ ಕುಮ್ಮಾವನ್ನು ಮೊಣಕಾಲಿಗೆ ಕವುಚಿ
ಕೈಸೂಜಿಗೆ ದಾರ ಪೋಣಿಸುತ್ತೇನೆ. ಮೂರನೇ ಸಲಕ್ಕೆ ಹೋಯಿತು.
ನಕ್ಷತ್ರದ ಉಳಿದ ಅರ್ಧ ಬೆರಳಿಗೆ ಗೊತ್ತಿದೆ:
ಎರಡು ಬಿಟ್ಟು ಒಂದು ಕಣ್ಣು, ಕಣ್ಣಿನ ಸುತ್ತ ಏಳು ಸುತ್ತು.
ಯಂತ್ರದ್ದಕ್ಕಿಂತ ಒರಟು. ಅಜ್ಜನಿಗೆ ಗೊತ್ತಾಗುತ್ತದೆ.
ಗೊತ್ತಾಗಲಿ, ಅದನ್ನೇ ತನಗೆಂದು ಎತ್ತಿಟ್ಟುಕೊಂಡಾನು.

ಸಹರಿಗೆ ಯಾರೋ ಯಾರನ್ನೋ ಕೂಗಿ ಎಬ್ಬಿಸುತ್ತಿದ್ದಾರೆ.
ತಲೆಯೆತ್ತಿದರೆ ಪರದೆ ಕಪ್ಪಾಗಿದೆ.
ಮುಗಿದ ಕಪ್ಪೋ, ನಿದ್ದೆಯ ಕಪ್ಪೋ,
ಒಂದು ಕೀಲಿ ಒತ್ತಿದರೆ ತಿಳಿಯುತ್ತದೆ.
ತಡಿ,
ಈ ಕಣ್ಣೊಂದು ಮುಗಿಯಲಿ.