ಭೇಟಿಯ ಉದ್ದೇಶ

ಅಮಲ್ದಾರರು ತೀರಿಕೊಂಡ ಮಂಚದ ಸುತ್ತ ಹಗ್ಗ ಕಟ್ಟಿದ್ದಾರೆ.
ಮಂಚಕ್ಕೆ ಯಾರು ಏನು ಮಾಡಿಯಾರು?
ಅವರ ಕನ್ನಡಕ ಒಂದು ಗಾಜಿನೊಳಗೆ,
ಊರುಗೋಲು ಇನ್ನೊಂದರೊಳಗೆ.
ಗಾಜು ಒರೆಸುವುದು ನನ್ನ ಕೆಲಸ.
ಹತ್ತಕ್ಕೆ ಬಾಗಿಲು ತೆಗೆಯುವುದು,
ತೊಟ್ಟಿಯಲ್ಲಿ ಬಿದ್ದ ಪಾರಿವಾಳದ ಪುಕ್ಕ ಗುಡಿಸುವುದು,
ಅಮಾವಾಸ್ಯೆಗೊಮ್ಮೆ ಬೀರುಗಳಲ್ಲಿ
ಬಜೆ ಬೇರಿನ ಗಂಟು ಬದಲಿಸುವುದು.

ಬೀರು ಒಟ್ಟು ಹದಿನಾಲ್ಕು.
ಪುಸ್ತಕಗಳ ಹೆಸರು ಅಷ್ಟಾಗಿ ತಿಳಿಯದು, ಭಾರ ಗೊತ್ತು.
ಯಾವುದರ ಬೆನ್ನು ಸಡಿಲ,
ಯಾವುದು ಮುಟ್ಟಿದರೆ ಹಪ್ಪಳ,
ಯಾವುದರಲ್ಲಿ ಹುಳ ಕೊರೆದ ತೂತಿಗೆ ಕಣ್ಣಿಟ್ಟರೆ
ಎಷ್ಟೋ ಪುಟ ಆಚೆಯ
ಒಂದೇ ಒಂದು ಅಕ್ಷರ ಕಾಣುತ್ತದೆ, ಅದೂ ಗೊತ್ತು.
ಅದು ‘ಳ’.

ನಡುಮನೆಯ ಗೋಡೆಗೆ ಅವರ ಉಯಿಲಿನ ಸಾಲು,
ಚೌಕಟ್ಟು ಹಾಕಿಸಿದ್ದು:
ಕೇಳಿ ಬಂದವರಿಗೆ ತೆಗೆದು ತೋರಿಸತಕ್ಕದ್ದು.
ಕೆಳಗೆ ಸಮಿತಿಯ ಬೋರ್ಡು, ಹೋದ ವರ್ಷದ್ದು:
ಅಪರೂಪದ ಗ್ರಂಥಗಳ ವೀಕ್ಷಣೆ ಬುಧವಾರ ಮಾತ್ರ,
ಮೂರರಿಂದ ನಾಲ್ಕು. ವಿಶ್ವವಿದ್ಯಾನಿಲಯದ ಪತ್ರ ಕಡ್ಡಾಯ.
ಎರಡರ ನಡುವೆ ಗೇಣು ಜಾಗ.
ಹಲ್ಲಿ ಅಲ್ಲೇ ಕೂತಿರುತ್ತದೆ.

ಹೋದ ಬುಧವಾರ ಗೇಟಿನ ಮುಂದೆ ಟಾಂಗಾ ನಿಂತಿತು.
ಫಾರಿನ್ನಿನವರಿರಬೇಕೆಂದು ಇಣುಕಿದರೆ
ಹಿಂದಿನ ಸೀಟು ಖಾಲಿ.
ಇಳಿದವರು ಟಾಂಗಾದವರೇ,
ಮಂಡಿ ಮೊಹಲ್ಲದ ಖುದ್ದೂಸ್ ಸಾಬರು.
‘ಕುದ್ರೆ ಬುಕ್ಕು ಐತಂತಲ್ಲಮ್ಮಾ, ಚಿತ್ರ ಇರೋದು.
ಒಂದ್ಸಾರಿ ನೋಡ್ಬೇಕಿತ್ತು.’
ಪತ್ರ? ಅಂದೆ.
ಜೇಬಿನಿಂದ ಲೈಸೆನ್ಸು ತೆಗೆದರು,
ಹಾಲಿನ ಕವರಿನಲ್ಲಿ ಸುತ್ತಿದ್ದು,
ನೀಲಿ ಮೊಹರು, ಯಾರದೋ ಅವಸರದ ರುಜು.
ಪತ್ರ ಅಂದರೆ ಮತ್ತೇನು?

ಬಿಳಿ ಕೈಚೀಲ ಅವರ ಕೈಗೆ ಹತ್ತಲಿಲ್ಲ,
ಹೆಬ್ಬೆರಳಿಗೇ ನಿಂತಿತು.
ನಲ್ಲಿಗೆ ಹೋಗಿ ಮೊಣಕೈವರೆಗೆ ತೊಳೆದರು,
ನಮಾಜಿಗೆ ತೊಳೆಯುವ ಹಾಗೆ.
ತೊಟ್ಟಿಯ ಬಿಸಿಲಿನಲ್ಲಿ ಎರಡೂ ಕೈ ಚಾಚಿ
ಆರುವತನಕ ನಿಂತರು.
ಅಷ್ಟರಲ್ಲಿ ನಾನು ಒಂಬತ್ತನೇ ಬೀರುವಿನ ಜೊತೆ ಗುದ್ದಾಡುತ್ತಿದ್ದೆ.

ಕೆಂಪು ವಸ್ತ್ರ ಬಿಚ್ಚಿದರೆ ಬಿಳಿ ಕುದುರೆ.
ಕೀಲು ಕೀಲಿಗೂ ಒಂದೊಂದು ರೋಗದ ಹೆಸರು.
ಅವರು ಅಕ್ಷರದ ಕಡೆ ನೋಡಲೇ ಇಲ್ಲ.
ಕಾಗದಕ್ಕೆ ತಾಗದಂತೆ ಬೆರಳು
ಕೇಸರದಿಂದ ಇಳಿದು, ಭುಜ ದಾಟಿ,
ಹೊಟ್ಟೆಯ ಕೆಳಗೆ ಸ್ವಲ್ಪ ಹೊತ್ತು ಕಾದು,
ಹಿಂಗಾಲಿಗೆ ಬಂದು ನಿಂತಿತು.
‘ಇದು ಬರ್ದೋನು ಕಾಲೆತ್ತಿ ನೋಡಿಲ್ಲಮ್ಮಾ.
ಗೊರಸಿನ ಒಳ್ಗೆ ಪುತ್ಲಿ ಅಂತ ಇರ್ತದೆ, ಮೆತ್ತಗೆ.
ಎಲೆ ಥರ ಬರ್ದವ್ನೆ.’
ಪಕ್ಕದಲ್ಲೇನಿದೆ ಓದಿ ಅಂದರು.

ಹನ್ನೊಂದು ವರ್ಷ ಎತ್ತಿ ಇಟ್ಟಿದ್ದೇನೆ,
ಒಂದು ಸಾಲು ಬಾಯಿಬಿಟ್ಟು ಓದಿರಲಿಲ್ಲ.
ಹಳೆಯ ಲಿಪಿ, ಒತ್ತಕ್ಷರ ಎಲ್ಲೋ, ದೀರ್ಘ ಎಲ್ಲೋ.
ಒಂದೊಂದೇ ಅಕ್ಷರ ಹೆಕ್ಕಿದೆ, ಅಕ್ಕಿಯಿಂದ ಕಲ್ಲು ಹೆಕ್ಕಿದಂತೆ:
ಹೊಟ್ಟೆ ಉಬ್ಬರಕ್ಕೆ ಇಂಗು, ಓಮ,
ಹಳೆ ಬೆಲ್ಲ, ಅಂಗೈ ಅಳತೆ.
‘ಯಾರ ಅಂಗೈ?’ ಎಂದು ಕೇಳಿದರು.
ಅದು ಬರೆದಿಲ್ಲ.
ತಮ್ಮ ಅಂಗೈ ಬಿಡಿಸಿ ನೋಡಿಕೊಂಡು,
‘ನಮ್ಮಪ್ಪ ಮೆಣಸೂ ಹಾಕ್ತಿದ್ರು’ ಎಂದರು.
ಇನ್ನೊಂದು ಪುಟ ಓದಿದೆ. ಮತ್ತೊಂದು.
ನಾಲ್ಕು ದಾಟಿ ನಲವತ್ತಾಗಿತ್ತು.
ಹೊರಗೆ ಚಾಂದನಿ ಸಮಿತಿಯ ದಾಸವಾಳವನ್ನು
ತನಗೆ ನಿಲುಕುವವರೆಗೆ ಮುಗಿಸಿತ್ತು.

ರಿಜಿಸ್ಟರು ನನ್ನ ಕಡೆಗೇ ತಿರುಗಿಸಿದರು, ನೀವೇ ಬರೀರಿ ಅಂತ.
ಹೆಸರು ಬರೆದೆ. ವೃತ್ತಿ, ಟಾಂಗಾ.
ಭೇಟಿಯ ಉದ್ದೇಶ:
ಮೇಲಿಂದ ಕೆಳಗೆ ಎಲ್ಲರದ್ದೂ ‘ಸಂಶೋಧನೆ’,
ಆಮೇಲೆ ಬಂದವರದ್ದು ಬರೀ ಮೇಲಿನಂತೆ ಎಂಬ ಎರಡು ಗೀಟು.
ನಾನು ಬರೆದೆ: ಹಿಂಗಾಲಿನ ಗೊರಸು ತಪ್ಪಾಗಿದೆ.

ಸೋಮವಾರ ಕಾರ್ಯದರ್ಶಿಗಳು ಬಂದರು.
ದಾಸವಾಳ ನೋಡಿದರು. ರಿಜಿಸ್ಟರು ತಿರುವಿದರು.
ಬೆರಳಿಟ್ಟು ಕೇಳಿದರು: ಯಾವ ಗೊರಸು?
ನಾನು ಸೊಂಟದಲ್ಲಿ ಬೀಗದಕೈ ತಡವುತ್ತ,
ಮೊದಲು ಕೈ ತೊಳ್ಕೊಂಡು ಬನ್ನಿ ಸಾರ್, ಅಂದೆ.